ಹೊಣೆ ನಿಲ್ಲುವವರು

ಅಕ್ಕನ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಎರಡು ವರ್ಷವಾಯಿತು. ಬೆಳಗಿನ ಜಾವ ಮೈದಾನದಲ್ಲಿ ಓಟ, ಹಗಲೆಲ್ಲ ಲೈಬ್ರರಿಯಲ್ಲಿ ಓದು, ರಾತ್ರಿ ಖಾನಾವಳಿಯ ರೊಟ್ಟಿ. ಪಿಎಸ್‌ಐ ಆಗಲೇಬೇಕೆಂಬ ಹಟ. ಮೊನ್ನೆ ಅಮಾವಾಸ್ಯೆಗೆ ಊರಿಗೆ ಬಂದಿದ್ದ. ಇದೇ ನೌಕರಿ ಯಾಕಪ್ಪಾ ಬೇಕು ಎಂದು ಕೇಳಿದೆ. ‘ಮಂದಿಗೆ ಏನರ ಮಾಡಬೇಕಂತ ಐತಿ ಮಾಮಾ. ಖಾಕಿ ಇದ್ರ ಮಾಡಾಕ ಬರ್ತೈತಿ’ ಎಂದ.

ಆ ಮಾತನ್ನು ನಾನು ನಂಬುತ್ತೇನೆ. ಸಪ್ತಾಪುರದ ಗಲ್ಲಿಗಳಲ್ಲಿ ಪುಸ್ತಕ ಎದೆಗವಚಿಕೊಂಡು ಓಡಾಡುವ ಮಕ್ಕಳಲ್ಲಿ ಬಹಳ ಮಂದಿ ಒಣಬೇಸಾಯದ ಮನೆಗಳವರು. ಅವರಿಗೆ ಠಾಣೆ ಎಂದರೆ ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ಜಾಗ. ಆ ಮೇಜಿನ ಆಚೆ ತಾನು ಕುಳಿತರೆ ಅಪ್ಪನಂಥವರಿಗೆ ಕುರ್ಚಿ ತೋರಿಸಿ ಕೂರಿಸಬಹುದು ಎನ್ನುವ ಆಸೆ ಚಿಕ್ಕದಲ್ಲ. ಆದರೆ ಅಪರಾಧ, ನ್ಯಾಯ ಎಂದ ಕೂಡಲೇ ನನ್ನ ಅಳಿಯನ ಕಣ್ಣ ಮುಂದೆ ಬರುವುದು ಮೂರೇ: ಖಾಕಿ ಬಟ್ಟೆ, ಕರಿ ಕೋಟು, ನ್ಯಾಯಾಧೀಶರ ಪೀಠ. ಅಲ್ಲೇ ಪಕ್ಕದಲ್ಲಿ ಇನ್ನೊಂದು ಕೆಲಸ ಇದೆ. ಅದಕ್ಕೆ ದಿರಿಸಿಲ್ಲ, ಜೀಪಿಲ್ಲ, ಸಿನಿಮಾದಲ್ಲಿ ಅದರ ಮೇಲೆ ಒಂದು ಹಾಡೂ ಇಲ್ಲ. ಆ ಕೆಲಸ ನಾನು ಕಣ್ಣಾರೆ ಕಂಡದ್ದು. ಅವನಿಗೆ ಹೇಳಿದ್ದನ್ನೇ ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಎಂಎಸ್‌ಡಬ್ಲ್ಯು ಓದುವಾಗ ನನ್ನನ್ನು ಫೀಲ್ಡ್‌ವರ್ಕ್‌ಗೆ ಒಬ್ಬ ಪ್ರೊಬೇಷನ್ ಅಧಿಕಾರಿಯ ಹಿಂದೆ ಹಚ್ಚಿದ್ದರು. ಸರ್ಕಾರಿ ಕಾಗದದಲ್ಲಿ ಅವರು ಪರಿವೀಕ್ಷಣಾಧಿಕಾರಿ. ವಯಸ್ಸು ಐವತ್ತರ ಹತ್ತಿರ, ಹೆಗಲಿಗೊಂದು ರೆಕ್ಸಿನ್ ಚೀಲ. ಚೀಲದಲ್ಲಿ ಕಡತ, ನೀರಿನ ಬಾಟಲಿ, ಒಂದು ಪೊಟ್ಟಣ ಚುರುಮುರಿ. ಹತ್ತೊಂಬತ್ತರ ಹುಡುಗನೊಬ್ಬ ರೈತರೊಬ್ಬರ ಪಂಪ್‌ಸೆಟ್ಟಿನ ಕೇಬಲ್ ಕದ್ದು, ಸುಟ್ಟು, ತಾಮ್ರ ತೆಗೆದು ಗುಜರಿಗೆ ಮಾರಿದ್ದ. ತಪ್ಪೊಪ್ಪಿಕೊಂಡಿದ್ದ. ನ್ಯಾಯಾಧೀಶರು ಶಿಕ್ಷೆ ಹೇಳುವುದಕ್ಕೆ ಮೊದಲು ಹುಡುಗನ ಮನೆ, ಊರು, ನಡತೆ ನೋಡಿ ವರದಿ ಕೊಡಿ ಎಂದು ಇವರಿಗೆ ಬರೆದಿದ್ದರು. ಅಷ್ಟರಲ್ಲಿ ಅವನು ಉಪ ಕಾರಾಗೃಹದಲ್ಲಿ ನಾಲ್ಕು ತಿಂಗಳು ಕಳೆದಿದ್ದ. ಜಾಮೀನು ಮಂಜೂರಾಗಿತ್ತು. ಜಾಮೀನುದಾರ ಸಿಕ್ಕಿರಲಿಲ್ಲ.

ಬಸ್ಸಿಳಿದ ಮೇಲೆ ಅವರು ಹುಡುಗನ ಹೆಸರು ಹೇಳಿ ಮನೆ ಕೇಳಲಿಲ್ಲ. ಶಾಲೆ ಎಲ್ಲಿದೆ ಎಂದು ಕೇಳಿದರು. ಶಾಲೆಯ ಮಗ್ಗುಲಿಗೇ ಅವನ ಮನೆ ಎಂಬುದು ಕಾಗದದಲ್ಲಿತ್ತು. ನೇರವಾಗಿ ಯಾಕೆ ಕೇಳಲಿಲ್ಲ ಸರ್ ಎಂದೆ. ‘ಕೋರ್ಟಿನಾಂವ ಬಂದಾನ ಅಂತ ಊರಿಗೆಲ್ಲ ಗೊತ್ತಾದ್ರ, ನಾಳೆ ಹುಡುಗ ಇದ ಓಣ್ಯಾಗ ತಲಿ ಎತ್ತಿ ತಿರಗಾಡೂದು ಹೆಂಗ?’ ಎಂದರು. ಕಾಲೇಜಿನಲ್ಲಿ ಎರಡು ವರ್ಷ ಬರೆದುಕೊಂಡ ನೋಟ್ಸಿನಲ್ಲಿ ಈ ಮಾತು ಇರಲಿಲ್ಲ.

ತಾಯಿ ಅವತ್ತು ಕಳೆ ತೆಗೆಯುವ ಕೂಲಿ ಬಿಟ್ಟು ಮನೆಯಲ್ಲಿದ್ದಳು. ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ಅವರು ಕಡತ ಬಿಚ್ಚುವ ಮೊದಲೇ, ‘ಸಾಹೇಬ್ರ, ಅಂವ ಅಲ್ಲಿ ಹೊಟ್ಟಿತುಂಬ ಉಂತಾನೋ ಇಲ್ಲೋ?’ ಎಂದು ಕೇಳಿದಳು. ಅವರು ಪೆನ್ನು ಜೇಬಿಗಿಟ್ಟರು. ‘ಉಂತಾನ ಯವ್ವಾ. ನಾನು ಮೊನ್ನೆ ಹೋಗಿ ನೋಡೇನಿ. ಸ್ವಲ್ಪ ಸೊರಗ್ಯಾನ, ಆದ್ರ ಆರಾಮ ಅದಾನ’ ಎಂದರು. ಆಮೇಲೆ ಒಂದೂವರೆ ತಾಸು ಮಾತು. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಿದ್ದ, ಯಾರ ಜೊತೆ ಕೂಡುತ್ತಿದ್ದ, ಶಾಲೆ ಯಾವ ವರ್ಷ ಬಿಟ್ಟ, ಯಾಕೆ ಬಿಟ್ಟ, ಮನೆಯಲ್ಲಿ ಯಾರ ಮಾತಿಗೆ ಅಂಜುತ್ತಾನೆ, ಊರಲ್ಲಿ ಅವನನ್ನು ಮತ್ತೆ ಕೆಲಸಕ್ಕೆ ಕರೆಯುವವರು ಯಾರು. ಕಳ್ಳತನದ ಬಗ್ಗೆ ಕೇಳಿದ್ದು ಕಡೆಗೆ, ಅದೂ ಎರಡೇ ಪ್ರಶ್ನೆ.

ಅಲ್ಲಿಂದ ಅವರು ನೇರ ಹೋದದ್ದು ಕೇಬಲ್ ಕಳೆದುಕೊಂಡ ರೈತರ ಮನೆಗೆ. ಇದು ನನ್ನನ್ನು ಬೆರಗಾಗಿಸಿತು. ಆರೋಪಿಯ ಪರವಾಗಿ ಬಂದವರು ಎಂದು ಅಲ್ಲಿ ಬೈಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ರೈತರು ಬೈದರು ಕೂಡ. ‘ಕೇಬಲ್ ಹೋತು, ನೀರಿಲ್ದ ಮೆಣಸಿನಗಿಡ ಒಣಗಿದ್ವು. ಅದನ್ನೂ ಬರಕೋರ್ರಿ!’ ಎಂದರು. ಇವರು ಬರೆದುಕೊಂಡರು. ಎಷ್ಟು ಸಾಲು ಗಿಡ, ಎಷ್ಟು ದಿನ ನೀರಿರಲಿಲ್ಲ, ಹೊಸ ಕೇಬಲ್ಲಿಗೆ ಎಷ್ಟು ಬಿತ್ತು, ಎಲ್ಲವನ್ನೂ. ಠಾಣೆಯಲ್ಲಿ ದೂರು ಕೊಟ್ಟಾಗ ಯಾರೂ ಮೆಣಸಿನಗಿಡದ ಸುದ್ದಿ ಬರೆದುಕೊಂಡಿರಲಿಲ್ಲವಂತೆ. ಚಹಾ ಬಂತು. ಚಹಾ ಕುಡಿಯುತ್ತ ರೈತರೇ ಅಂದರು: ‘ಒಳಗ ಇಟ್ರ ನನ್ನ ರೊಕ್ಕ ಬರತೈತೇನ್ರಿ? ಹೊರಗ ಬಂದು ದುಡದ ಕೊಡ್ಲಿ.’

ಹುಡುಗನ ಸೋದರಮಾವನ ಮನೆಯಲ್ಲಿ ಮಾತ್ರ ಕೆಲಸ ಕೆಡಲಿಕ್ಕೆ ಬಂತು. ಅವನ ಹೆಸರಿನಲ್ಲಿ ಒಂದೂವರೆ ಎಕರೆಯ ಉತಾರ ಇತ್ತು. ಜಾಮೀನು ನಿಲ್ಲಬಲ್ಲವನು ಇಡೀ ಬಳಗದಲ್ಲಿ ಅವನೊಬ್ಬನೇ. ಅವನು ತಲೆ ಅಲ್ಲಾಡಿಸಿದ. ‘ನಾಳೆ ಅಂವ ಓಡಿಹೋದ್ರ ನನ್ನ ಹೊಲದ ಗತಿ ಏನ್ರಿ?’ ಎಂದ. ಅವನನ್ನು ಕೆಟ್ಟವನೆಂದು ನಾನು ಇಂದಿಗೂ ಅನ್ನಲಾರೆ. ಒಂದೂವರೆ ಎಕರೆ ಮೂರು ಹೆಣ್ಣುಮಕ್ಕಳ ಮನೆಗೆ ಏನೆಂಬುದು ಒಕ್ಕಲುತನ ಮಾಡಿದವರಿಗೆ ಗೊತ್ತು.

ಜಾಮೀನು ಎಂಬುದು ಅರಬ್ಬಿ–ಪಾರಸಿಯ ಕಡೆಯಿಂದ ನಮ್ಮ ಕೋರ್ಟಿಗೆ ಬಂದ ಶಬ್ದ. ನಮ್ಮದೇ ಶಬ್ದ ಹೊಣೆ. ಕನ್ನಡದಲ್ಲಿ ಜವಾಬ್ದಾರಿಗೂ ಹೊಣೆ ಎನ್ನುತ್ತೇವೆ, ಇನ್ನೊಬ್ಬನಿಗಾಗಿ ನಿಲ್ಲುವುದಕ್ಕೂ ಹೊಣೆ ಎನ್ನುತ್ತೇವೆ. ಎರಡಕ್ಕೂ ಒಂದೇ ಮಾತು ಇಟ್ಟ ಹಿರಿಯರು ಸುಮ್ಮನೆ ಇಟ್ಟಿರಲಾರರು. ಕೋರ್ಟಿನ ಅಂಗಳದಲ್ಲಿ ಮಾತ್ರ ಹೊಣೆ ಎಂದರೆ ಉತಾರ, ಕಂದಾಯದ ರಸೀದಿ, ಆಧಾರ್ ಕಾರ್ಡಿನ ಜೆರಾಕ್ಸ್, ಎರಡು ಫೋಟೊ. ಹೊಲ ಇದ್ದವನು ಹೊಣೆಗಾರ. ಹೊಲ ಇಲ್ಲದವನು ಆರೋಪಿಯನ್ನು ಹುಟ್ಟಿನಿಂದ ಬಲ್ಲವನಾದರೂ ಅವನ ಮಾತಿಗೆ ಅಲ್ಲಿ ತೂಕವಿಲ್ಲ.

ಆಸ್ತಿಯ ಹಂಗಿಲ್ಲದೆ ಹೀಗೆ ನಿಂತ ಒಬ್ಬ ಮನುಷ್ಯನಿಂದಲೇ ಪ್ರೊಬೇಷನ್ ಎಂಬ ಪದ್ಧತಿ ಹುಟ್ಟಿತು ಎಂಬುದನ್ನು ನಮ್ಮ ಮೇಷ್ಟ್ರು ಪಾಠ ಮಾಡಿದ್ದರು. ಆ ಹಳ್ಳಿಯಿಂದ ಬಂದ ಮೇಲೆ ಅದನ್ನು ಮತ್ತೆ ತೆಗೆದು ಓದಿದೆ. ಅಮೆರಿಕದ ಬೋಸ್ಟನ್ ನಗರ, 1841ರ ಆಗಸ್ಟ್. ಜಾನ್ ಆಗಸ್ಟಸ್ ಎಂಬವನು ಬೂಟು ಹೊಲಿಯುವ ಕಸುಬಿನವನು. ಓದಿದ್ದು ಕಾನೂನಲ್ಲ, ಹಿಡಿದದ್ದು ಚರ್ಮ ಮತ್ತು ಹೊಲಿಗೆಯ ಉಳಿ. ಒಂದು ಬೆಳಿಗ್ಗೆ ಪೊಲೀಸ್ ಕೋರ್ಟಿನಲ್ಲಿ ಕುಳಿತಿದ್ದಾಗ ಹರಕು ಬಟ್ಟೆಯ ಒಬ್ಬ ಕುಡುಕನನ್ನು ತಂದು ನಿಲ್ಲಿಸಿದರು. ಅವನಿಗೆ ಸೆರೆಮನೆ ಖಚಿತ. ಆಗಸ್ಟಸ್ ಅವನ ಪಕ್ಕ ಹೋಗಿ ಎರಡು ಮಾತಾಡಿದ. ಸೆರೆಮನೆ ತಪ್ಪಿದರೆ ಇನ್ನೆಂದೂ ಕುಡಿಯುವುದಿಲ್ಲ ಎಂದ ಆ ಮನುಷ್ಯ. ಆಗಸ್ಟಸ್ ಎದ್ದು ನಿಂತು ಇವನಿಗೆ ನಾನು ಜಾಮೀನು ಎಂದ. ನ್ಯಾಯಾಧೀಶರು ಮೂರು ವಾರದ ಗಡುವು ಕೊಟ್ಟರು. ಗಡುವು ಮುಗಿದು ಇಬ್ಬರೂ ಮತ್ತೆ ಬಂದಾಗ ಇವನೇ ಆ ಕುಡುಕ ಎಂದು ನಂಬುವುದೇ ಅಲ್ಲಿದ್ದವರಿಗೆ ಕಷ್ಟವಾಯಿತು. ಕೋರ್ಟು ಹಾಕಿದ ದಂಡ ಒಂದು ಸೆಂಟು. ಖರ್ಚೂ ಸೇರಿ ಒಟ್ಟು 3 ಡಾಲರ್ 76 ಸೆಂಟು. ಅಲ್ಲಿಯೇ ಕಟ್ಟಿ ಹೊರಬಂದರು.

ಒಂದು ದಿನದ ಕರುಣೆಯಾಗಿದ್ದರೆ ಇದು ಚರಿತ್ರೆಯಾಗುತ್ತಿರಲಿಲ್ಲ. ಮತ್ತೆ ಕೋರ್ಟಿಗೆ ಹೋದ. ಮುಂದಿನ ಹದಿನೇಳು ವರ್ಷ ಹೋಗುತ್ತಲೇ ಇದ್ದ. 1858ರ ಹೊತ್ತಿಗೆ ಅವನು ಹೊಣೆ ನಿಂತವರ ಸಂಖ್ಯೆ 1,946. ಯಾರನ್ನೆಂದರೆ ಅವರನ್ನು ಬಿಡಿಸಲಿಲ್ಲ. ಅವರ ಹಿಂದಿನ ನಡತೆ, ವಯಸ್ಸು, ಹೊರಬಂದರೆ ಯಾರ ಸಹವಾಸಕ್ಕೆ ಬೀಳುತ್ತಾರೆ ಎಂಬುದನ್ನೆಲ್ಲ ವಿಚಾರಿಸಿ ನಿಲ್ಲುತ್ತಿದ್ದ. ನಿಂತ ಮೇಲೆ ಕೆಲಸ ಹುಡುಕಿಕೊಡುವುದು, ಇರಲು ಮನೆ ನೋಡುವುದು, ಕೋರ್ಟಿಗೆ ವರದಿ ಹೇಳುವುದು. ಆ ಮೂರು ವಾರ, ಆ ವಿಚಾರಣೆ, ಆ ವರದಿ, ಇವತ್ತಿನ ಪ್ರೊಬೇಷನ್ ಅಧಿಕಾರಿಯ ಕೆಲಸದ ಹಂದರವೆಲ್ಲ ಅಷ್ಟರಲ್ಲೇ ಇದೆ. ಕೋರ್ಟಿನ ಕೆಳ ಸಿಬ್ಬಂದಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಒಬ್ಬನನ್ನು ಸೆರೆಮನೆಗೆ ಒಯ್ದರೆ ಅವರಿಗೆ ಇಷ್ಟು ಎಂದು ಶುಲ್ಕ ಸಿಗುತ್ತಿತ್ತು, ಈ ಬೂಟಿನವನು ನಿಂತಾಗಲೆಲ್ಲ ಅದು ಹೋಗುತ್ತಿತ್ತು. ಅವನ ಅಂಗಡಿಯ ಗಳಿಕೆಯೂ ಇದರಲ್ಲೇ ಕರಗಿತು. 1859ರಲ್ಲಿ ತೀರಿಕೊಂಡ. ಅವನು ಹೋಗಿ ಸುಮಾರು ಇಪ್ಪತ್ತು ವರ್ಷದ ಮೇಲೆ, 1878ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯ ಸಂಬಳದ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸುವ ಕಾನೂನು ಮಾಡಿತು.

ಕನ್ನಡದವರಿಗೆ ಇದು ಪರದೇಶದ ಕಥೆಯಾಗಿ ತೋರಬೇಕಿಲ್ಲ. ಚಮ್ಮಾರಿಕೆ ಮಾಡಿಕೊಂಡೇ ಶರಣರ ಸಾಲಿನಲ್ಲಿ ಕುಳಿತ ಹರಳಯ್ಯನವರ ನಾಡು ನಮ್ಮದು. ದುಡಿಮೆ ಒಂದು ಕಡೆ, ಸೇವೆ ಇನ್ನೊಂದು ಕಡೆ ಎಂದು ಕೋಣೆ ಕಟ್ಟುವುದನ್ನು ಆ ಜನ ಒಪ್ಪಿರಲಿಲ್ಲ.

ನಮ್ಮ ದೇಶದಲ್ಲಿ ಅಪರಾಧಿಗಳ ಪ್ರೊಬೇಷನ್ ಕಾಯ್ದೆ 1958ರಲ್ಲಿ ಬಂತು. ಅದನ್ನು ಓದಿದವರು ಕಡಿಮೆ, ವಕೀಲರಲ್ಲಿಯೂ. ಸಣ್ಣ ಕಾಯ್ದೆ, ಆದರೆ ಅದರೊಳಗೆ ದೊಡ್ಡ ಮನಸ್ಸಿದೆ. ತಪ್ಪು ಮಾಡಿದವನ ಹಿನ್ನೆಲೆ ನೋಡಿ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಮೂರು ವರ್ಷದವರೆಗೆ ನಿಗಾದಲ್ಲಿಟ್ಟು ಬಿಡಬಹುದು. 21 ವರ್ಷದೊಳಗಿನವರು ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥ ಘೋರ ಅಪರಾಧ ಮಾಡಿಲ್ಲವಾದರೆ, ಜೈಲಿಗೆ ಕಳಿಸುವ ಮೊದಲು ನ್ಯಾಯಾಧೀಶರು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು. ಆದರೂ ಕಳಿಸುವುದೇ ಸರಿ ಎನಿಸಿದರೆ ಯಾಕೆಂದು ಕಾರಣ ಬರೆಯಬೇಕು. ಬಿಡಲು ಕಾರಣ ಕೇಳುವ ನಾಡಿನಲ್ಲಿ ಕೂಡಿಹಾಕಲು ಕಾರಣ ಕೇಳಿದ ಕಾಯ್ದೆ ಇದು. ಬಿಡುಗಡೆಯಾದವನಿಗೆ ತಕ್ಕ ಉದ್ಯೋಗ ಹುಡುಕಿಕೊಡಲು ಯತ್ನಿಸುವುದೂ ಪ್ರೊಬೇಷನ್ ಅಧಿಕಾರಿಯ ಕರ್ತವ್ಯ ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಸಂಬಳಕ್ಕಾಗಿ ಮಾಡುವ ಕೆಲಸದ ಪಟ್ಟಿಯಲ್ಲೇ ಸೇವೆಯನ್ನು ಬರೆದಿಟ್ಟ ಸರ್ಕಾರಿ ಹುದ್ದೆಗಳು ಎಷ್ಟಿವೆ? ಇನ್ನೂ ಒಂದು ಮಾತು. ಸರ್ಕಾರದ ನೌಕರರೇ ಆಗಬೇಕೆಂದಿಲ್ಲ, ಮಾನ್ಯತೆ ಪಡೆದ ಸಂಘ ಸಂಸ್ಥೆಯವರು ಕೊಟ್ಟ ವ್ಯಕ್ತಿಯೂ ಈ ಅಧಿಕಾರಿಯಾಗಬಹುದು ಎಂದು ಕಾಯ್ದೆ ಬಾಗಿಲು ತೆರೆದಿಟ್ಟಿದೆ. ಬೋಸ್ಟನ್ನಿನ ಬೂಟಿನ ಅಂಗಡಿಯವನಿಗೆ ಜಾಗ ಇಟ್ಟಂತೆ.

ಖಾಕಿಯ ಮೇಲೆ ಪ್ರೀತಿ ಇರುವ ನನ್ನ ಅಳಿಯನಿಗೆ ಇನ್ನೊಂದು ಹೆಸರು ಹೇಳಿದೆ. ಕೆ. ಎಫ್. ರುಸ್ತಮ್‌ಜಿ. 1938ರಲ್ಲಿ ಪೊಲೀಸ್ ಇಲಾಖೆ ಸೇರಿದವರು, ನೆಹರೂ ಅವರ ಭದ್ರತೆ ನೋಡಿಕೊಂಡವರು, 1965ರಲ್ಲಿ ಗಡಿ ಭದ್ರತಾ ಪಡೆಯನ್ನು ಕಟ್ಟಿದವರು. ಇಷ್ಟಾದ ಮೇಲೆ ಮನೆಯಲ್ಲಿ ಕೂತು ನೆನಪು ಬರೆದಿದ್ದರೂ ಸಾಕಿತ್ತು. ಆದರೆ ಅವರು ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿ ಬಿಹಾರದ ಜೈಲುಗಳಿಗೆ ಹೋದರು. ವಿಚಾರಣೆಯೇ ಮುಗಿಯದೆ ವರ್ಷಗಟ್ಟಲೆ ಬಿದ್ದವರನ್ನು ಕಂಡರು. ಆರೋಪ ಸಾಬೀತಾದರೂ ಸಿಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದವರು ಅವರಲ್ಲಿದ್ದರು. 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬರೆದರು. ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾಣಿ ಆ ಪತ್ರಿಕೆಯ ಪುಟವನ್ನೇ ಆಧಾರವಾಗಿಟ್ಟು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ಬೇಗ ವಿಚಾರಣೆಯಾಗುವುದು ಬದುಕುವ ಹಕ್ಕಿನ ಭಾಗ ಎಂದಿತು ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ. ಇದರಿಂದ ಹೊರಬಂದವರು ದೇಶದಲ್ಲಿ ಸುಮಾರು 40,000 ಎಂದು ಲೆಕ್ಕ ಹೇಳುತ್ತಾರೆ. ಜೀವಮಾನವೆಲ್ಲ ಹಿಡಿಯುವ ಇಲಾಖೆಯಲ್ಲಿದ್ದ ಒಬ್ಬ ಅಧಿಕಾರಿಯ ಎರಡು ಲೇಖನ ಬಿಡಿಸುವ ಕೆಲಸ ಮಾಡಿತು. ಖಾಕಿ ತೊಟ್ಟವರೂ ಹೊಣೆ ನಿಲ್ಲಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ತೀರ್ಪಿನಲ್ಲಿ ನನಗೆ ಬಹಳ ಹಿಡಿಸಿದ ವಿಚಾರ ಒಂದಿದೆ. ಆರೋಪಿಗೆ ತನ್ನ ಸಮುದಾಯದಲ್ಲಿ ಬೇರು ಇದ್ದರೆ, ಅಂದರೆ ಅವನ ಮನೆ, ಕೆಲಸ, ನೆಂಟರಿಷ್ಟರು ಅಲ್ಲಿಯೇ ಇದ್ದು ಓಡಿಹೋಗುವ ಅಂಜಿಕೆ ಇಲ್ಲವಾದರೆ, ಹಣದ ಜಾಮೀನು ಕೇಳದೆ ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು ಎಂಬುದು. ಅದಕ್ಕೆ ಒಂದು ವರ್ಷ ಮೊದಲು, 1978ರಲ್ಲಿ, ಮೋತಿರಾಮ್ ಎಂಬ ಗೌಂಡಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದೇ ದಾರಿ ಹಿಡಿದಿದ್ದರು. ಕೆಳಗಿನ ಕೋರ್ಟು ಆ ಗೌಂಡಿಗೆ 10,000 ರೂಪಾಯಿಯ ಜಾಮೀನು ಕೇಳಿತ್ತು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಹೊಣೆಗೆ ಮುಂದೆ ಬಂದರೆ, ನಿನ್ನ ಆಸ್ತಿ ಇರುವುದು ಬೇರೆ ಜಿಲ್ಲೆಯಲ್ಲಿ ಎಂದು ಹಿಂದಕ್ಕೆ ಕಳಿಸಿತ್ತು. ಬೇರು ನೋಡಿ ಎಂದು ಸುಪ್ರೀಂ ಕೋರ್ಟು ಹೇಳಿತು ಸರಿ. ಆದರೆ ದಿನಕ್ಕೆ ನೂರು ಕಡತ ನೋಡುವ ನ್ಯಾಯಾಧೀಶರು ಕುಳಿತಲ್ಲಿಂದ ಬೇರು ಕಾಣುವುದು ಹೇಗೆ? ಯಾರಾದರೂ ಬಸ್ಸು ಹತ್ತಿ ಆ ಊರಿಗೆ ಹೋಗಬೇಕು. ಕಟ್ಟೆಯ ಮೇಲೆ ಕೂತು ತಾಯಿಯ ಮಾತು ಕೇಳಬೇಕು. ಮೆಣಸಿನಗಿಡ ಒಣಗಿದವರ ಮಾತೂ ಕೇಳಬೇಕು. ಕಂಡದ್ದನ್ನು ಹೆಚ್ಚು ಮಾಡದೆ, ಕಡಿಮೆ ಮಾಡದೆ ಬರೆದು ತಂದು ಕೋರ್ಟಿಗೆ ಒಪ್ಪಿಸಬೇಕು. ಹೋಗುವವರೇ ಇಲ್ಲದಿದ್ದರೆ ತೀರ್ಪು ಪುಸ್ತಕದಲ್ಲಿ ಉಳಿಯುತ್ತದೆ, ಹುಡುಗ ಒಳಗೆ ಉಳಿಯುತ್ತಾನೆ.

ಉಳಿದಿದ್ದಾರೆ ಕೂಡ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ತೀರ್ಮಾನವಾಗಿಯೇ ಇರಲಿಲ್ಲ ಎಂದಾಯಿತು. ಇವರಲ್ಲಿ ಅಪಾಯಕಾರಿಗಳೂ ಇದ್ದಾರೆ, ಅವರು ಒಳಗಿರಲಿ. ನನ್ನ ಸಂಕಟ ಜಾಮೀನು ಮಂಜೂರಾದ ಮೇಲೂ ಹೊಣೆಗಾರ ಸಿಗದೆ ಒಳಗಿರುವವರ ಬಗ್ಗೆ. ನ್ಯಾಯಾಧೀಶರು ಬಿಡಿ ಎಂದಿದ್ದಾರೆ, ಆದರೂ ಬಾಗಿಲು ತೆರೆಯುವುದಿಲ್ಲ. ಇದಕ್ಕಿಂತ ನಾಚಿಕೆಯ ಸಂಗತಿ ನ್ಯಾಯದ ಮನೆಯಲ್ಲಿ ನನಗೆ ಬೇರೆ ಕಾಣದು.

ಈ ಬಾಗಿಲು ತೆರೆಸಲು ಕೆಲವು ಒಳ್ಳೆಯ ಕೆಲಸಗಳು ಈಚೆಗೆ ಆಗಿವೆ. ಜಾಮೀನು ಆದೇಶವಾಗಿ ಏಳು ದಿನದೊಳಗೆ ಕೈದಿ ಹೊರಗೆ ಹೋಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಿರ್ದೇಶಿಸಿತು. ಪ್ರಾಧಿಕಾರದವರು ಪ್ರೊಬೇಷನ್ ಅಧಿಕಾರಿಯ ಇಲ್ಲವೇ ಅರೆಕಾನೂನು ಸ್ವಯಂಸೇವಕರ ಕೈಲಿ ಆ ಕೈದಿಯ ಮನೆಯ ಸ್ಥಿತಿಗತಿಯ ವರದಿ ಮಾಡಿಸಿ, ಷರತ್ತು ಸಡಿಲಿಸುವಂತೆ ಕೋರ್ಟನ್ನು ಕೇಳಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಆಗ ಇಟ್ಟ ಮಿತಿ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000ದವರೆಗೆ. ಹಣ ಇದೆ, ಆದೇಶ ಇದೆ. ಹಣ ಯಾರಿಗೆ ಬೇಕು ಎಂದು ಕಂಡುಹಿಡಿಯುವ ಕಾಲು ಬೇಕು.

ಆ ಕಾಲುಗಳಲ್ಲಿ ಅರೆಕಾನೂನು ಸ್ವಯಂಸೇವಕರವೂ ಸೇರಿವೆ. 2009ರಲ್ಲಿ ಶುರುವಾದ ಯೋಜನೆ. ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಾಲೇಜು ವಿದ್ಯಾರ್ಥಿಗಳು, ದೀರ್ಘ ಶಿಕ್ಷೆ ಅನುಭವಿಸುತ್ತಿರುವ ಓದುಬಲ್ಲ ಸನ್ನಡತೆಯ ಕೈದಿಗಳೂ ಆಗಬಹುದು. ಸಿಗುವುದು ಸಂಬಳವಲ್ಲ, ಹೋದ ದಿನದ ಗೌರವಧನ. ನಿಮ್ಮ ತಾಲ್ಲೂಕಿನ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಬೋರ್ಡು ನೀವೂ ನೋಡಿರುತ್ತೀರಿ, ಒಳಗೆ ಹೋಗಿರಲಾರಿರಿ. ಪೊಲೀಸ್ ಇಲಾಖೆಯ ಒಳಗೂ ಇಂಥ ಜಾಗಗಳಿವೆ. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಶುರುಮಾಡಿದ ಹಿರಿಯರ ಸಹಾಯವಾಣಿಗೆ, 1090ಕ್ಕೆ, ಮಕ್ಕಳು ಮನೆಯಿಂದ ಹೊರಹಾಕಿದ ತಂದೆತಾಯಂದಿರು ಕರೆ ಮಾಡುತ್ತಾರೆ. ಅಲ್ಲಿ ಎಫ್‌ಐಆರ್‌ಗಿಂತ ಮೊದಲು ನಡೆಯುವುದು ಮಾತುಕತೆ.

ಈಗ ಹೊಸ ಕಾನೂನಿನಲ್ಲಿ ಸಮುದಾಯ ಸೇವೆ ಎಂಬುದೇ ಒಂದು ಶಿಕ್ಷೆಯಾಗಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಆರು ಬಗೆಯ ಸಣ್ಣ ಅಪರಾಧಗಳಿಗೆ ಅದನ್ನು ಇಟ್ಟಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದು ಸಿಕ್ಕಿಬಿದ್ದವನು, ವಸ್ತುವನ್ನೋ ಅದರ ಬೆಲೆಯನ್ನೋ ತಿರುಗಿ ಕೊಟ್ಟರೆ, ಅವನಿಗೆ ಜೈಲಲ್ಲ, ಸಮುದಾಯ ಸೇವೆ. ಆ ಕೇಬಲ್ ಹುಡುಗ ಈಗ ಸಿಕ್ಕಿದ್ದರೆ ಅವನಿಗೆ ಇದೇ ಆಗುತ್ತಿತ್ತೋ ಏನೋ. ಒಳ್ಳೆಯ ಹೆಜ್ಜೆ ಎಂದು ಮನಸಾರೆ ಹೇಳುತ್ತೇನೆ. ಒಂದು ಭಯವೂ ಇದೆ. ನಿಗಾ ಮಾಡುವವರಿಗೆ ಮನಸ್ಸಿಲ್ಲದಿದ್ದರೆ ಸೇವೆ ಎಂಬುದು ಸಂತೆಯ ದಿನ ಠಾಣೆಯ ಮುಂದೆ ಕಸ ಹೊಡೆಸಿ ನಾಲ್ಕು ಜನ ನಗುವಂತೆ ಮಾಡುವುದಾಗಿ ಇಳಿಯಬಹುದು. ಶಾಲೆ ಎಲ್ಲಿದೆ ಎಂದು ಕೇಳಿ ಹುಡುಗನ ಮನೆ ಹುಡುಕುವಂಥವರು ನಿಗಾ ಮಾಡಿದರೆ ಅದೇ ಶಿಕ್ಷೆಯಿಂದ ಒಬ್ಬ ಮನುಷ್ಯ ಊರಿಗೆ ತಿರುಗಿ ಸಿಗುತ್ತಾನೆ. ಕಾನೂನಿನ ಅಕ್ಷರ ಎರಡು ಕಡೆಯೂ ಒಂದೇ.

ಹಾಗೆಂದು ಅಳಿಯನಿಗೆ ಪಿಎಸ್‌ಐ ಪರೀಕ್ಷೆ ಬಿಡು ಎಂದು ನಾನು ಹೇಳಿಲ್ಲ. ಓದಲಿ, ಪಾಸಾಗಲಿ, ಖಾಕಿ ಹಾಕಲಿ. ಅಲ್ಲಿಯವರೆಗೆ ತಿಂಗಳಿಗೆ ಎರಡು ದಿನ ಕಾನೂನು ಸೇವಾ ಸಮಿತಿಗೆ ಹೋಗಿ ಅರೆಕಾನೂನು ಸ್ವಯಂಸೇವಕನಾಗು, ಜೈಲಿನ ಒಳಗೊಮ್ಮೆ ಹೋಗಿ ಬಾ ಎಂದೆ. ಹಿಡಿಯುವ ಅಧಿಕಾರ ಕೈಗೆ ಬರುವ ಮೊದಲು, ಹಿಡಿದ ಮೇಲೆ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ಒಬ್ಬ ಹುಡುಗ ನೋಡಿರಲಿ ಎಂದು ನನ್ನ ಆಸೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ಆ ಹುಡುಗಗ ಏನಾತು ಮಾಮಾ?’ ಎಂದ.

ನನಗೆ ಗೊತ್ತಿದ್ದಷ್ಟು ಹೇಳಿದೆ. ಸೋದರಮಾವ ಕಡೆಗೂ ಬರಲಿಲ್ಲ. ಅಧಿಕಾರಿಯ ವರದಿ ನೋಡಿದ ನ್ಯಾಯಾಧೀಶರು ಹೊಲದ ಹೊಣೆ ಕೇಳದೆ ಹುಡುಗನ ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು. ಎರಡು ವರ್ಷ ನಿಗಾ, ರೈತರಿಗೆ ಕಂತಿನಲ್ಲಿ ಪರಿಹಾರ. ಪ್ರತಿ ತಿಂಗಳು ಜಿಲ್ಲಾ ಕೇಂದ್ರದ ಆಫೀಸಿಗೆ ಬಂದು ಪುಸ್ತಕದಲ್ಲಿ ಸಹಿ ಮಾಡಬೇಕು. ಮೊದಲ ಎರಡು ತಿಂಗಳು ಬಂದ. ಮೂರನೆಯ ತಿಂಗಳು ಬರಲಿಲ್ಲ, ನಾಲ್ಕನೆಯದೂ ಬರಲಿಲ್ಲ. ಹೀಗೆ ತಪ್ಪಿಸಿದರೆ ಕೋರ್ಟಿಗೆ ಬರೆದು ವಾರಂಟು ತರಿಸಬಹುದಿತ್ತು. ಅವರು ಬರೆಯಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟರು, ನಾನೂ ಹೋದೆ. ಹುಡುಗ ಅದೇ ರೈತರ ಹೊಲದಲ್ಲಿ ಮೆಣಸಿನಗಿಡಕ್ಕೆ ನೀರು ಹಾಯಿಸುತ್ತಿದ್ದ. ನಮ್ಮನ್ನು ಕಂಡು ಮೊಣಕಾಲಿನವರೆಗೆ ಕೆಸರು ಮೆತ್ತಿದ್ದಂತೆಯೇ ಓಡಿಬಂದು, ತಲೆ ಮೇಲೆತ್ತದೆ ನಿಂತ. ಕೂಲಿಯೆಲ್ಲ ಪರಿಹಾರದ ಕಂತಿಗೆ ಹೋಗುತ್ತಿತ್ತು, ಸಹಿ ಹಾಕಲು ಬರಲಿಕ್ಕೆ ಬಸ್ಸಿನ ಚಾರ್ಜು ಇರಲಿಲ್ಲ. ಅವರು ಬದುವಿನ ಮೇಲೆ ಕೂತು ಚುರುಮುರಿಯ ಪೊಟ್ಟಣ ಬಿಚ್ಚಿ ಅವನ ಕಡೆ ಚಾಚಿದರು. ಮುಂದಿನ ತಿಂಗಳಿನಿಂದ ಸಹಿಯ ಪುಸ್ತಕವನ್ನು ರೆಕ್ಸಿನ್ ಚೀಲದಲ್ಲಿ ಇಟ್ಟುಕೊಂಡು ಅವರೇ ಆ ಊರಿಗೆ ಹೋಗತೊಡಗಿದರು.